ಕೂಸು ತೂಕ ಏರುತ್ತಿಲ್ಲವೇ? ಮೊದಲು ತಕ್ಕಡಿ, ಆಮೇಲೆ ತಟ್ಟೆ

ನಾಮಕರಣಕ್ಕೆ ಬಂದವರು ಕೂಸಿನ ಹೆಸರಿಗಿಂತ ಮೊದಲು ತೂಕ ಕೇಳುತ್ತಾರೆ. ‘ಸೊರಗಿದೆಯಲ್ಲ, ಹಾಲು ಸಾಲ್ತಿಲ್ವೇನೋ’ ಎಂದು ಒಬ್ಬರು. ‘ನಮ್ಮ ಪುಟ್ಟನ್ನ ಈ ವಯಸ್ಸಿಗೆ ಎತ್ತೋಕೇ ಆಗ್ತಿರಲಿಲ್ಲ’ ಎಂದು ಇನ್ನೊಬ್ಬರು. ಹೋಳಿಗೆ ಊಟ ಮುಗಿಸಿ ಅವರೇನೋ ಬಸ್ಸು ಹತ್ತುತ್ತಾರೆ, ಆ ಮಾತು ಮಾತ್ರ ಬಾಣಂತಿಯ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.

ಸರಿಯಾಗಿ ಕುಡಿಯದ, ತುತ್ತಿಗೆ ಬಾಯಿ ತೆರೆಯದ, ನಿಧಾನಕ್ಕೆ ತೂಕ ಏರುವ ಕೂಸಿರುವ ಮನೆಗಳಿಗಾಗಿ ಈ ಸೂತ್ರಗಳು. ಎಲ್ಲದರ ಬುಡದಲ್ಲೂ ಇರುವುದು ಒಂದೇ ತಿಳಿವಳಿಕೆ. ಸರಿಯಾಗಿ ಅಳೆಯುವುದು, ಕಾರಣ ಹುಡುಕುವುದು, ಸಣ್ಣ ತುತ್ತಿನಲ್ಲಿ ಹೆಚ್ಚು ಸತ್ವ ತುಂಬುವುದು ದೊಡ್ಡವರ ಕೆಲಸ. ಎಷ್ಟು ನುಂಗಬೇಕು ಎನ್ನುವುದು ಕೂಸಿನ ಕೆಲಸ. ನಮ್ಮ ಕೆಲಸ ಬಿಟ್ಟು ಅದರ ಕೆಲಸಕ್ಕೆ ಕೈ ಹಾಕಿದಾಗಲೇ ಊಟದ ಹೊತ್ತು ರಂಪಾಟದ ಹೊತ್ತಾಗುವುದು.

1. ಗೆರೆ ನೋಡಿ

ಇವತ್ತಿನ ತೂಕ ಎಷ್ಟು ಎಂಬ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ತಿಂಗಳು ತಿಂಗಳಿಗೆ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಸೇರಿಸಿ, ಗೆರೆ ಯಾವ ಕಡೆ ಹೊರಟಿದೆ ನೋಡಿ. ಕೆಳಗಿನ ಗೆರೆಯ ಜೊತೆಗೇ ಹುಟ್ಟಿ ಅದರ ಜೊತೆಗೇ ಸಾಗುತ್ತಿರುವ ಕೂಸು ಬಹುಪಾಲು ಸಣ್ಣ ಗಾತ್ರದ ಆರೋಗ್ಯವಂತ ಕೂಸು. ಅಪ್ಪ-ಅಮ್ಮನ ಮೈಕಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮೇಲಿದ್ದ ಕೂಸು ಒಂದೊಂದೇ ಗೆರೆ ದಾಟಿ ಕೆಳಗಿಳಿಯುತ್ತಿದ್ದರೆ ಅದು ನೋಡಲು ದುಂಡಗಿದ್ದರೂ ವೈದ್ಯರಿಗೆ ತೋರಿಸಬೇಕು.

‘ಆ ನಕ್ಷೆ ಫಾರಿನ್ ಮಕ್ಕಳದ್ದು, ನಮ್ಮವರಿಗೆ ಹೊಂದಲ್ಲ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ನಕ್ಷೆಗೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಎದೆಹಾಲು, ಒಳ್ಳೆಯ ಆರೈಕೆ ಸಿಕ್ಕರೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎನ್ನುವುದು ಅಲ್ಲಿ ಕಂಡದ್ದು. ಅದರ ಪ್ರಕಾರ ವರ್ಷ ತುಂಬಿದ ಗಂಡುಮಗುವಿನ ನಡುಮಟ್ಟದ ತೂಕ 9.6 ಕೆ.ಜಿ., ಹೆಣ್ಣುಮಗುವಿನದು 8.9 ಕೆ.ಜಿ. ನಡುಮಟ್ಟ ಎಂದಮೇಲೆ ಅರ್ಧದಷ್ಟು ಮಕ್ಕಳು ಅದರ ಕೆಳಗೇ ಇರುತ್ತಾರೆ. ಹತ್ತು ಕೆ.ಜಿ. ಮುಟ್ಟಲಿಲ್ಲ ಎಂದು ಹುಟ್ಟುಹಬ್ಬದ ದಿನ ಮುಖ ಸಣ್ಣ ಮಾಡಬೇಡಿ.

ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ ಎರಡು ವರ್ಷ ತುಂಬುವವರೆಗೂ ಅಷ್ಟು ವಾರ ಕಳೆದು ಲೆಕ್ಕ ಹಾಕಿ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ಆರು ತಿಂಗಳ ಕೂಸನ್ನು ನಾಲ್ಕು ತಿಂಗಳದ್ದೆಂದೇ ನಕ್ಷೆಯಲ್ಲಿ ಗುರುತಿಸಬೇಕು.

2. ತಕ್ಕಡಿ ಒಂದೇ ಇರಲಿ

ಈ ತಿಂಗಳು ಕ್ಲಿನಿಕ್ಕಿನ ಡಿಜಿಟಲ್ ತಕ್ಕಡಿ, ಮುಂದಿನ ತಿಂಗಳು ಅಂಗನವಾಡಿಯಲ್ಲಿ ತೂಗುಹಾಕಿದ ಸ್ಪ್ರಿಂಗ್ ತಕ್ಕಡಿ, ಅದರ ಮುಂದಿನ ತಿಂಗಳು ಮೆಡಿಕಲ್ ಶಾಪಿನದು. ಹೀಗೆ ಮಾಡಿದರೆ ನೀವು ತೂಗಿದ್ದು ಕೂಸನ್ನೋ ತಕ್ಕಡಿಯನ್ನೋ ಗೊತ್ತಾಗುವುದಿಲ್ಲ. ಒಂದೇ ತಕ್ಕಡಿ, ಬಟ್ಟೆ ಬಿಚ್ಚಿ, ಡೈಪರ್ ತೆಗೆದು ತೂಗಿಸಿ. ಸ್ವೆಟರು, ಕುಲಾವಿ, ಬೆಳ್ಳಿ ಉಡಿದಾರ, ಕಾಲ್ಗಡಗ ಎಲ್ಲ ಸೇರಿ ಕಾಲು ಕೆ.ಜಿ. ತೂಗಿದರೂ ಆಶ್ಚರ್ಯವಿಲ್ಲ.

ದಿನಾ ತೂಗಬೇಡಿ. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಒಮ್ಮೆ ಹೊಟ್ಟೆ ತುಂಬ ಹಾಲು ಕುಡಿದರೆ ಅದಕ್ಕಿಂತ ಹೆಚ್ಚು ಏರುತ್ತದೆ, ಒಮ್ಮೆ ಉಚ್ಚೆ ಹೊಯ್ದರೆ ಅಷ್ಟೇ ಇಳಿಯುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಎಳೆಗೂಸಿಗೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು. ಮೂರು ತಿಂಗಳ ನಂತರ ಏರುವ ವೇಗವೇ ತಗ್ಗುತ್ತದೆ ಎಂಬುದೂ ನೆನಪಿರಲಿ.

3. ಮೊದಲ ಎರಡು ವಾರ ಬಟ್ಟೆ ಎಣಿಸಿ

ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಕೂಸುಗಳೂ ಇಳಿಯುತ್ತವೆ. ಹುಟ್ಟುತೂಕದ ನೂರಕ್ಕೆ ಏಳರಷ್ಟು ಇಳಿದರೆ ಗಾಬರಿ ಬೇಡ. ಹತ್ತರ ಹತ್ತಿರ ಬಂದರೆ ಹಾಲು ಕುಡಿಯುವುದನ್ನು ವೈದ್ಯರು ಅಥವಾ ನರ್ಸ್ ಎದುರಿಗೆ ಕೂತು ನೋಡಬೇಕು. ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಿರಬೇಕು. ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ ಹಾಲು ಒಳಗೆ ಹೋಗುತ್ತಿದೆ ಎಂದರ್ಥ. ಈ ಲೆಕ್ಕಕ್ಕೆ ಡೈಪರ್‌ಗಿಂತ ಹಳೆ ಪಂಚೆ ಹರಿದು ಮಾಡಿದ ಲಂಗೋಟಿಯೇ ವಾಸಿ.

4. ಹಾಲು ಕಡಿಮೆ ಎನ್ನುವ ಮೊದಲು ಕೂಸಿನ ಬಾಯಿ ನೋಡಿ

ಹಾಲು ಸಾಲದು ಎಂದು ಬರುವ ತಾಯಂದಿರಲ್ಲಿ ಬಹಳಷ್ಟು ಜನಕ್ಕೆ ಹಾಲಿರುತ್ತದೆ, ಕೂಸು ಕಚ್ಚಿಕೊಳ್ಳುವ ರೀತಿ ಸರಿಯಿರುವುದಿಲ್ಲ. ಬಾಯಿ ಆಕಳಿಸುವಷ್ಟು ಅಗಲ ತೆರೆದಿರಬೇಕು. ಗಲ್ಲ ಎದೆಗೆ ತಾಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಮೊಲೆತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನ ಭಾಗ, ಬಾಯೊಳಗೆ ಹೋಗಿರಬೇಕು. ಬರೀ ತೊಟ್ಟು ಚೀಪುತ್ತಿದ್ದರೆ ತಾಯಿಗೆ ನೋವು, ಕೂಸಿಗೆ ಹಸಿವು. ಗುಟುಕು ನುಂಗುವ ಸದ್ದು ಕೇಳಿಸಬೇಕು. ‘ಟಿಕ್ ಟಿಕ್’ ಎಂಬ ಸದ್ದು ಬರುತ್ತಿದ್ದರೆ ಹಿಡಿತ ಜಾರುತ್ತಿದೆ. ತೊಟ್ಟಿನ ಪಕ್ಕ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಿ.

ಎಳೆಗೂಸು ಹಗಲು-ರಾತ್ರಿ ಸೇರಿ 8ರಿಂದ 12 ಸಲ ಕುಡಿಯಬೇಕು. ‘ಪಾಪ, ಒಳ್ಳೆ ಕೂಸು, ಐದು ಗಂಟೆ ಮಲಗುತ್ತೆ’ ಎಂದು ಹೊಗಳಿಸಿಕೊಳ್ಳುವ ಕೂಸೇ ಕೆಲವೊಮ್ಮೆ ತೂಕ ಏರದೆ ಉಳಿಯುವುದು. ಕೆಲವೇ ವಾರ ಮುಂಚೆ ಹುಟ್ಟಿದ, ನೋಡಲು ತುಂಬಿದ ತಿಂಗಳ ಕೂಸಿನಂತೆಯೇ ಇರುವ ಮಕ್ಕಳು ನಾಲ್ಕು ಗುಟುಕಿಗೇ ಸುಸ್ತಾಗಿ ಎದೆಯ ಮೇಲೇ ನಿದ್ದೆ ಹೋಗುತ್ತವೆ. ತೂಕ ಹಳಿಗೆ ಬರುವವರೆಗೆ ಎರಡು-ಮೂರು ಗಂಟೆಗೊಮ್ಮೆ ಎಬ್ಬಿಸಿ, ಹೊದಿಕೆ ತೆಗೆದು, ಅಂಗಾಲು ಉಜ್ಜಿ ಕುಡಿಸಿ. ಒಂದು ಬದಿ ಖಾಲಿಯಾಗುವವರೆಗೆ ಬಿಟ್ಟು ಇನ್ನೊಂದಕ್ಕೆ ಹೋಗಿ, ಕೊನೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು.

ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ, ಬಾವಿಯ ಹಾಗೆ. ಹಾಗಾಗಿ ವೈದ್ಯರು ಕೆಲ ದಿನ ಮೇಲುಹಾಲು ಕೊಡಿ ಎಂದರೂ ಆ ಹೊತ್ತಿಗೆ ಎದೆಹಾಲು ಹಿಂಡುವುದನ್ನು ಬಿಡಬೇಡಿ. ಬಾಣಂತಿಗೆ ನೀರು ಕಮ್ಮಿ, ಸೊಪ್ಪು ಬೇಡ, ಬೇಳೆ ಬೇಡ, ಬರೀ ಮೆಣಸಿನ ಸಾರು ಅನ್ನ ಎಂಬ ಪಥ್ಯವನ್ನೂ ಸಡಿಲಿಸಿ. ಹಾಲೂಡುವ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ನಮ್ಮದೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಅಂದರೆ ಪೂರ್ತಿ ಒಂದು ಹೊತ್ತಿನ ಊಟ.

5. ಸಣ್ಣಗೆ ಹುಟ್ಟಿದ ಕೂಸನ್ನು ಎದೆಗೆ ಕಟ್ಟಿಕೊಳ್ಳಿ

ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಕೂಸು ತನ್ನ ಶಕ್ತಿಯ ದೊಡ್ಡ ಪಾಲನ್ನು ಮೈ ಬೆಚ್ಚಗಿಡುವುದಕ್ಕೇ ಸುರಿಯುತ್ತದೆ. ಚರ್ಮಕ್ಕೆ ಚರ್ಮ ತಾಗುವಂತೆ ಎದೆಯ ಮೇಲೆ ಕಟ್ಟಿಕೊಂಡರೆ ಆ ಶಕ್ತಿ ತೂಕಕ್ಕೆ ಉಳಿಯುತ್ತದೆ. ಇನ್‌ಕ್ಯುಬೇಟರ್ ಸಾಲದ ಕೊಲಂಬಿಯಾದ ಬೊಗೋಟಾ ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಗೆ ಶುರುವಾದ ಈ ಕಾಂಗರೂ ಆರೈಕೆಯನ್ನು ದಿನಕ್ಕೆ ಎಂಟು ಗಂಟೆಯಿಂದ ಮೊದಲ್ಗೊಂಡು ಸಾಧ್ಯವಾದಷ್ಟು ಹೊತ್ತು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನ ಎದೆಯೂ ನಡೆಯುತ್ತದೆ, ಅಜ್ಜಿಯದೂ.

6. ಕಾರಣವನ್ನು ನಾಲ್ಕು ಬಾಗಿಲಲ್ಲಿ ಹುಡುಕಿ

ಸಾಕಷ್ಟು ಒಳಗೆ ಹೋಗುತ್ತಿದೆಯೇ? ಹೋದದ್ದು ಉಳಿಯುತ್ತಿದೆಯೇ? ಉಳಿದದ್ದು ಮೈಗೆ ಹತ್ತುತ್ತಿದೆಯೇ? ಹತ್ತಿದ್ದು ಬೇರೆಲ್ಲೋ ಖರ್ಚಾಗುತ್ತಿದೆಯೇ? ವೈದ್ಯರ ಬಳಿ ಹೋಗುವಾಗ ಈ ನಾಲ್ಕಕ್ಕೂ ಉತ್ತರ ಹಿಡಿದು ಹೋಗಿ.

ಹಾಲು ಕುಡಿಯುವಾಗ ಹಣೆ ಬೆವರುತ್ತಿದ್ದರೆ, ನಿಲ್ಲಿಸಿ ನಿಲ್ಲಿಸಿ ಏದುಸಿರು ಬಿಡುತ್ತಿದ್ದರೆ ಹೃದಯ ಪರೀಕ್ಷೆ ಆಗಬೇಕು. ಪ್ರತಿ ಸಲ ಕೆಮ್ಮಿ, ನೆತ್ತಿಗೇರಿ, ಉಸಿರು ಗೊರಗೊರ ಎಂದರೆ ನುಂಗುವುದರಲ್ಲೇ ತೊಂದರೆ ಇರಬಹುದು. ನಾಲಗೆ ಕೆಳಗಿನ ಎಳೆ ಬಿಗಿಯಾಗಿದೆಯೇ ನೋಡಿಸಿ. ಅಂಗುಳ ಸೀಳಿದ್ದರೆ ಹಾಲು ಮೂಗಿನಿಂದ ಬರುತ್ತದೆ. ಹಿಂಭಾಗದ ಸಣ್ಣ ಸೀಳು ಟಾರ್ಚ್ ಹಾಕಿ ನೋಡದಿದ್ದರೆ ಕಾಣುವುದಿಲ್ಲ. ಕಾರಣವಿಲ್ಲದೆ ಮರುಕಳಿಸುವ ಜ್ವರಕ್ಕೆ ಮೂತ್ರದ ಸೋಂಕು ಕಾರಣವಿರಬಹುದು. ಮಲದಲ್ಲಿ ರಕ್ತ, ಲೋಳೆ, ಮೈಮೇಲೆ ತುರಿಗಜ್ಜಿಯಂಥ ಗುಳ್ಳೆ ಇದ್ದರೆ ಹಸುವಿನ ಹಾಲಿನ ಅಲರ್ಜಿಯ ಅನುಮಾನ ಬರುತ್ತದೆ. ಮಂಕಾಗಿ, ಮಲಬದ್ಧತೆಯಿಂದ ಬಳಲುವ ಕೂಸಿಗೆ ಥೈರಾಯ್ಡ್ ಪರೀಕ್ಷೆ. ಇನ್ನು ತಿಂದದ್ದೆಲ್ಲ ಕಕ್ಕಿಯೂ ನಗುನಗುತ್ತಾ ಗುಂಡಾಗುತ್ತಿರುವ ಕೂಸಿಗೆ ಬಟ್ಟೆ ಬದಲಿಸುವುದಷ್ಟೇ ಚಿಕಿತ್ಸೆ.

ಕೂಸು ಹಾಲು ಕುಡಿಯುವುದನ್ನು, ಉಣ್ಣುವುದನ್ನು ಎರಡು ನಿಮಿಷ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಕೂಸು ಮನೆಯ ಹಾಗೆ ಆಡುವುದಿಲ್ಲ.

7. ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ

ಹಸಿರು ಬಣ್ಣದ ವಾಂತಿ. ಮೂರು-ಆರು ವಾರದ ಕೂಸು ಕುಡಿದದ್ದನ್ನೆಲ್ಲ ದೂರಕ್ಕೆ ಚಿಮ್ಮುವಂತೆ ಕಕ್ಕುವುದು. ಆರೆಂಟು ಗಂಟೆ ಉಚ್ಚೆ ಇಲ್ಲ. ನೆತ್ತಿ ಕುಳಿಬಿದ್ದಿದೆ. ಎಬ್ಬಿಸಿದರೂ ಎಚ್ಚರವಿಲ್ಲ, ಹಾಲು ಪೂರ್ತಿ ಬಿಟ್ಟಿದೆ. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ.

8. ತುತ್ತು ದೊಡ್ಡದಾಗದಿದ್ದರೆ ಗಟ್ಟಿ ಮಾಡಿ

ಆರು ತಿಂಗಳ ಮೇಲಿನ ಮಕ್ಕಳ ವಿಷಯದಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ. ಏಳು ಕೆ.ಜಿ. ತೂಕದ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ 200 ಮಿ.ಲೀ., ಅಂದರೆ ಒಂದು ಲೋಟ. ಆ ಲೋಟವನ್ನು ಬೇಳೆಕಟ್ಟು, ಗಂಜಿತಿಳಿ, ಮಜ್ಜಿಗೆನೀರು, ನೀರಾದ ರಾಗಿ ಮಾಲ್ಟ್‌ನಿಂದ ತುಂಬಿಸಿದರೆ ಹೊಟ್ಟೆ ಉಬ್ಬುತ್ತದೆ, ತೂಕ ಅಲ್ಲೇ ನಿಲ್ಲುತ್ತದೆ. ಬೇಳೆಯ ಸತ್ವವೆಲ್ಲ ಕಟ್ಟಿನಲ್ಲಿದೆ ಎಂಬ ನಂಬಿಕೆಯಿಂದ ಕೂಸಿಗೆ ತಿಳಿಯನ್ನು ಕೊಟ್ಟು ಬೇಳೆಯನ್ನು ದೊಡ್ಡವರ ಸಾರಿಗೆ ಹಾಕುವ ಮನೆಗಳು ಇನ್ನೂ ಇವೆ.

ಎದೆಹಾಲಿನ ಜೊತೆಗೆ ಮೇಲುಣಿಸಿನಿಂದ 6-8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, 9-11 ತಿಂಗಳಲ್ಲಿ 300, ವರ್ಷ ತುಂಬಿದ ಮೇಲೆ 550 ಸಿಗಬೇಕು. ಇದು ದೊಡ್ಡ ಗುಡ್ಡವೇನಲ್ಲ. ಒಂದು ಟೀ ಚಮಚ ತುಪ್ಪದಲ್ಲೇ 40ಕ್ಕೂ ಹೆಚ್ಚಿದೆ, ಒಂದು ಮೊಟ್ಟೆಯಲ್ಲಿ 70ರ ಆಸುಪಾಸು.

ಪರೀಕ್ಷೆ ಸುಲಭ. ಚಮಚ ಓರೆ ಮಾಡಿ. ಉಣಿಸು ಸರ್ರನೆ ಸುರಿದುಹೋದರೆ ತೆಳು, ಚಮಚಕ್ಕೇ ಅಂಟಿ ನಿಧಾನಕ್ಕೆ ಜಾರಿದರೆ ಹದ.

ರಾಗಿ ಸರಿಯನ್ನು ನೋಡಿ. ಮಾಮೂಲಿ ರಾಗಿಹಿಟ್ಟನ್ನು ಕುದಿಸಿದರೆ ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗಿ ಗಂಟಲಿಗೆ ಹಿಡಿಯುತ್ತದೆ, ನೀರು ಬೆರೆಸಿದರೆ ಸತ್ವ ತೆಳುವಾಗುತ್ತದೆ. ನಮ್ಮ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಿದ್ದುದರಲ್ಲಿ ಲೆಕ್ಕವಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಬಹುದು. ರಾಗಿಯ ಸುಣ್ಣದಂಶ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ., ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ರಾಗಿಯೊಂದನ್ನೇ ನೆಚ್ಚಿಕೊಂಡರೆ ಪ್ರೋಟೀನ್ ಸಾಲುವುದಿಲ್ಲ. ಹುರಿದ ಹೆಸರುಬೇಳೆಪುಡಿ, ಕಡಲೆ, ಚೆನ್ನಾಗಿ ಬೇಯಿಸಿದ ಮೊಟ್ಟೆ ಏನಾದರೊಂದು ಜೊತೆಗೂಡಲಿ.

ಊರಿಗೊಂದು ದಾರಿ ಇದ್ದೇ ಇದೆ. ಕರಾವಳಿಯಲ್ಲಿ ತೆಂಗಿನಹಾಲು, ಮುಳ್ಳು ತೆಗೆದ ಮೀನು. ಕೊಡಗಿನಲ್ಲಿ ಬೆಣ್ಣೆಹಣ್ಣು. ಉತ್ತರ ಕರ್ನಾಟಕದಲ್ಲಿ ನುಣ್ಣಗೆ ಅರೆದ ಶೇಂಗಾ. ಇಡೀ ಕಾಳು ಮಾತ್ರ ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ಎಲ್ಲ ಕಡೆ ಬಾಳೆಹಣ್ಣು. ತುಪ್ಪವನ್ನೂ ಸುರಿಯಬೇಡಿ, ಅತಿಯಾದರೆ ಅದೇ ಹಸಿವನ್ನು ಕೊಲ್ಲುತ್ತದೆ. ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ, ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಎಳೆಗೂಸಿಗೆ ಪ್ರಾಣಾಪಾಯ. ಉಪ್ಪು, ಸಕ್ಕರೆ ಕೂಡ ದೂರವಿರಲಿ.

ಚಹಾದಲ್ಲಿ ಅದ್ದಿದ ಬಿಸ್ಕತ್ತು ನಮ್ಮ ರಾಜ್ಯದ ಅನಧಿಕೃತ ಶಿಶು ಆಹಾರ. ಅದು ಹಸಿವನ್ನೂ ಕೆಡಿಸುತ್ತದೆ, ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ.

9. ಮುಚ್ಚಿದ ಬಾಯಿಗೆ ಮರ್ಯಾದೆ ಕೊಡಿ

ಕಾಲು ಚಾಚಿ, ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ, ಕೈ ಎರಡನ್ನೂ ಅದುಮಿ, ಅಳಲು ಬಾಯಿ ತೆರೆದಾಗ ಒಳಲೆಯಲ್ಲಿ ಸುರಿಯುವ ದೃಶ್ಯ ನೀವು ನೋಡದೇ ಇರಲಾರಿರಿ. ತಪ್ಪು ಒಳಲೆಯದಲ್ಲ. ಚೀಪಲು ಬಾರದ ಅವಧಿಪೂರ್ವ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಇಂದಿಗೂ ಅಂಥದೇ ಕೊಕ್ಕಿನ ಪಾತ್ರೆಯಲ್ಲಿ, ತಲೆ ಎತ್ತರಿಸಿ, ತುಟಿಗೆ ತಾಗಿಸಿ, ಅದೇ ಗುಟುಕರಿಸುವಂತೆ ಕುಡಿಸುತ್ತಾರೆ. ಅಳುವ ಕೂಸಿನ ಗಂಟಲಿಗೆ ಸುರಿದದ್ದು ಶ್ವಾಸಕೋಶಕ್ಕೂ ಹೋಗಬಹುದು. ಹೋಗದಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ. ಕೆಲವೇ ವಾರಗಳಲ್ಲಿ ಬಟ್ಟಲು ಕಂಡೊಡನೆ ಮುಖ ತಿರುಗಿಸುವ, ಚಮಚ ಕಂಡರೆ ಓಕರಿಸುವ ಕೂಸು ತಯಾರಾಗುತ್ತದೆ.

ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ತೀರ್ಮಾನಿಸಲಿ, ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದನ್ನು ಕೂಸಿಗೆ ಬಿಡಲಿ ಎಂದು ಅಮೆರಿಕದ ಪೋಷಣತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತಾ ಬಂದಿದ್ದಾರೆ. ನಮ್ಮ ಕೂಡುಮನೆಗಳಲ್ಲಿ ಇದನ್ನು ಪಾಲಿಸುವುದು ಹೇಳಿದಷ್ಟು ಹಗುರವಲ್ಲ, ಬಲ್ಲೆ. ಆದರೂ ಊಟ ಅರ್ಧ ಗಂಟೆಗೆ ಮುಗಿಯಲಿ. ಕೂಸು ಕೂತಿರಲಿ, ಎದುರಿಗೆ ನೀವೂ ಉಣ್ಣುತ್ತಿರಿ. ಕೈ ಹಾಕಿ ಕಲಸಿಕೊಳ್ಳಲು ಬಿಡಿ. ನೆಲ ಒರೆಸುವುದು ಊಟದ ಭಾಗವೇ. ಫೋನು ಹಿಡಿಸಿ ತುರುಕಿದ ತುತ್ತು ಇವತ್ತು ಒಳಗೆ ಹೋಗಬಹುದು, ನಾಳೆ ಫೋನಿಲ್ಲದೆ ಬಾಯಿ ತೆರೆಯದು. ಹೊಸ ರುಚಿಯನ್ನು ಎಂಟು-ಹತ್ತು ಸಲ ಮುಂದಿಡದೆ ‘ಇವಳಿಗೆ ಸೇರಲ್ಲ’ ಎಂದು ತೀರ್ಪು ಕೊಡಬೇಡಿ.

10. ಹಸಿವಿಗೆ ಜಾಗ ಬಿಡಿ

ಮೇಲುಣಿಸು ಶುರುವಾದ ಮೇಲೆ ಎರಡು ಊಟಗಳ ನಡುವೆ ಎರಡೂವರೆ-ಮೂರು ಗಂಟೆ. ನಡುವೆ ಒಂದು ಚೂರು ರಸ್ಕು, ನಾಲ್ಕು ಮಂಡಕ್ಕಿ ಬೇಡ.

11. ಡಬ್ಬದ ಹಾಲಿಗೆ ಅಳತೆ ತಪ್ಪಿಸಬೇಡಿ

ಡಬ್ಬ ಇನ್ನೊಂದು ವಾರ ಬರಲಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚಿಸುವುದು ತೂಕ ಏರದಿರಲು ಎಲ್ಲರೂ ಮುಚ್ಚಿಡುವ ಕಾರಣ. ತೂಕ ಏರಲಿ ಎಂದು ಪುಡಿ ಹೆಚ್ಚು ಹಾಕುವುದೂ ಅಷ್ಟೇ ಅಪಾಯ, ಮೂತ್ರಪಿಂಡಕ್ಕೆ ಹೊರೆ. ಬಾಟಲಿಗಿಂತ ಲೋಟ, ಚಮಚ ತೊಳೆಯುವುದು ಸುಲಭ. ಎದೆಹಾಲಿನ ಬದಲಿ ಪುಡಿ, ಬಾಟಲಿಗಳ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆ. ಅಂಗಡಿಯವರೋ ಇನ್ಯಾರೋ ‘ಇದನ್ನ ಹಾಕಿ, ಗುಂಡಾಗುತ್ತೆ’ ಎಂದರೆ ವೈದ್ಯರ ಚೀಟಿ ಎಲ್ಲಿ ಎಂದು ಕೇಳಿ.

12. ಕಬ್ಬಿಣ ಮರೆಯಬೇಡಿ

ರಕ್ತಹೀನತೆ ಇದ್ದರೆ ಹಸಿವೇ ಆಗುವುದಿಲ್ಲ. ಹಸಿವಾಗದೆ ತಿನ್ನದ ಕೂಸಿಗೆ ರಕ್ತಹೀನತೆ ಇನ್ನಷ್ಟು ಹೆಚ್ಚುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ಪು ಸರ್ಕಾರದಿಂದಲೇ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಾಯಿತೆಂದು ನಿಲ್ಲಿಸಬೇಡಿ.

13. ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ

ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಬಾಲಗ್ರಹಕ್ಕೆ ತಾಯಿತ, ಬೀದಿಯಲ್ಲಿ ಕೂಗಿಕೊಂಡು ಬರುವ ಕತ್ತೆಹಾಲು, ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ದೃಷ್ಟಿ ತೆಗೆದರೆ ಯಾರಿಗೂ ನಷ್ಟವಿಲ್ಲ, ತೆಗೆಯಲಿ. ತಾಯಿತದ ದಾರ ಕುತ್ತಿಗೆ ಬಿಗಿಯದಿರಲಿ. ಬಾಯಿಗೆ ಹೋಗುವುದರಲ್ಲಿ ಮಾತ್ರ ಬಿಗಿಯಾಗಿರಿ. ಕತ್ತೆಹಾಲಿನಲ್ಲಿ ಕೊಬ್ಬು ಎದೆಹಾಲಿಗಿಂತ ಬಹಳ ಕಡಿಮೆ. ಕಾಯಿಸದೆ ಕುಡಿಸಿದರೆ ಸೋಂಕು ಬೇರೆ.

ಅತ್ತೆಯ ಜೊತೆ ಅಡುಗೆಮನೆಯಲ್ಲಿ ವಾದಕ್ಕಿಳಿಯುವ ಬದಲು ‘ಅತ್ತೆ, ಈ ಸಲ ಡಾಕ್ಟರ್ ಹತ್ರ ನೀವೂ ಬನ್ನಿ, ನೀವೇ ಕೇಳಿ’ ಎಂದು ಕರೆದೊಯ್ದರೆ ಕೆಲಸ ಬೇಗ ಆಗುತ್ತದೆ. ಸೊಸೆ ಹೇಳಿದರೆ ಉದ್ಧಟತನವಾಗುವ ಮಾತು ಡಾಕ್ಟರ್ ಹೇಳಿದರೆ ಬುದ್ಧಿಮಾತಾಗುತ್ತದೆ. ಮೊಳಕೆ ರಾಗಿ ಬೀಸುವ ಹದ ಹೇಗೂ ಅವರಿಗೇ ಗೊತ್ತಿರುವುದು.

14. ಅಮ್ಮನ ಕಡೆಗೂ ನೋಡಿ

ರಾತ್ರಿಯಿಡೀ ಎದ್ದು ಕುಡಿಸಿ, ಬೆಳಗ್ಗೆ ತಕ್ಕಡಿ ಮುಂದೆ ಅಪರಾಧಿಯಂತೆ ನಿಲ್ಲುವವಳು ಅವಳು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲದಿದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ಆರೈಕೆ ಮಾಡುವ ವಾರ್ಡು 2009ರಿಂದ ಇದೆ. ಅಪ್ಪಂದಿರಿಗೆ ಒಂದೇ ಮಾತು: ತೇಗಿಸುವುದು, ಬಟ್ಟೆ ಬದಲಿಸುವುದು, ಚುಕ್ಕೆ ಇಡುವುದು, ನೆಂಟರ ಬಾಯಿ ಮುಚ್ಚಿಸುವುದು, ಇವಕ್ಕೆ ಎದೆಹಾಲು ಬೇಕಾಗಿಲ್ಲ.

15. ಹತ್ತಿರದ ನೆರವನ್ನು ಬಳಸಿ

ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ಊರೂರಲ್ಲೂ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ಕೂಸನ್ನು ತೂಗಬೇಕು; ಬಾರದಿದ್ದರೆ ಕರೆಯಿರಿ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದ ಊದಿದ್ದರೆ ಅದು ತೀವ್ರ ಅಪೌಷ್ಟಿಕತೆ. ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ-ಮಗುವನ್ನು ಸುಮಾರು ಎರಡು ವಾರ ಉಚಿತವಾಗಿ ಇಟ್ಟುಕೊಂಡು ನೋಡುತ್ತಾರೆ. ಕೂಲಿ ತಪ್ಪುತ್ತದೆಂದು ಹಿಂದೆ ಸರಿಯಬೇಡಿ, ಆ ದಿನಗಳ ಕೂಲಿಗೆ ಪರಿಹಾರ ಕೊಡುವ ಏರ್ಪಾಡೂ ಇದೆ.

16. ಗೆರೆ ಏರತೊಡಗಿದರೆ ಲೆಕ್ಕ ಸಡಿಲಿಸಿ

ಜ್ವರ, ಭೇದಿ ಬಂದುಹೋದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ. ಕಳೆದುಕೊಂಡದ್ದನ್ನು ಕೂಸು ಆಗಲೇ ಹಿಂದಕ್ಕೆ ಪಡೆಯುವುದು. ಎರಡು-ಮೂರು ತಿಂಗಳು ಗೆರೆ ಮೇಲ್ಮುಖವಾಗಿದ್ದರೆ ತುತ್ತು ಎಣಿಸುವ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿ. ವರ್ಷ ತುಂಬಿದ ಮೇಲೆ ಎಲ್ಲ ಮಕ್ಕಳ ಹಸಿವೂ ತಗ್ಗುತ್ತದೆ. ಮೊದಲ ವರ್ಷ ಆರು ಕೆ.ಜಿ. ಏರಿದ ಮಗು ಎರಡನೇ ವರ್ಷ ಪೂರ್ತಿ ಏರುವುದು ಸುಮಾರು ಎರಡೂವರೆ ಕೆ.ಜಿ., ತಿಂಗಳಿಗೆ 200 ಗ್ರಾಂ ಅಷ್ಟೇ. ನಡೆಯಲು ಕಲಿತು ಊಟ ಬಿಟ್ಟು ಓಡುವ ಮಗುವಿನ ಹಿಂದೆ ಬಟ್ಟಲು ಹಿಡಿದು ಬೀದಿ ಸುತ್ತುವ ಮೊದಲು ಈ ಅಂಕಿಯನ್ನು ಅಜ್ಜಿಗೂ ಓದಿ ಹೇಳಿ.